ಗೋಡೆಯಿಲ್ಲದ ಹಾಸ್ಟೆಲ್ಲು

ಹಾಸ್ಟೆಲ್ಲಿನ ಊಟವನ್ನು ಬೈಯದವರು ಹಾಸ್ಟೆಲ್ಲಿನಲ್ಲಿ ಇದ್ದವರೇ ಅಲ್ಲ. ಓದು ಮುಗಿಸಿ ನಲವತ್ತು ವರ್ಷ ಕಳೆದು, ಕೂದಲು ಉದುರಿ, ಸಕ್ಕರೆ ಕಾಯಿಲೆ ಹತ್ತಿಸಿಕೊಂಡವರು ಕೂಡ ಮದುವೆ ಮನೆಯಲ್ಲಿ ಹಳೆಯ ರೂಮ್‌ಮೇಟ್ ಸಿಕ್ಕಿದ ಕೂಡಲೇ ಹೆಂಡತಿ ಮಕ್ಕಳ ಕ್ಷೇಮ ಕೇಳುವುದಿಲ್ಲ. "ಆ ಸಾಂಬಾರು ನೆನಪುಂಟಾ ಮಾರಾಯ?" ಎಂದೇ ಶುರು. ಸಾಂಬಾರಿನ ತಳದಲ್ಲಿ ತರಕಾರಿ ಹುಡುಕಿದ್ದು, ಉಪ್ಪಿಟ್ಟನ್ನು ಗೋಡೆಗೆಸೆದು ಅಂಟಿಕೊಳ್ಳುತ್ತದೋ ಇಲ್ಲವೋ ಎಂದು ಪಂಥ ಕಟ್ಟಿದ್ದು, ವಾರ್ಡನ್ನರ ಚಪ್ಪಲಿ ಸದ್ದಿಗೆ ದೀಪ ಆರಿಸಿ ಸತ್ತವರ ಹಾಗೆ ಮಲಗಿದ್ದು, ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ. ಎದುರಿನ ಬಾಳೆಲೆಯಲ್ಲಿ ಬಿಸಿ ಹೋಳಿಗೆ ತಣ್ಣಗಾಗುತ್ತಿರುತ್ತದೆ. ಇವರಿಬ್ಬರೂ ನಾಲ್ಕು ದಶಕದ ಹಿಂದಿನ ಹಾಳು ಸಾಂಬಾರನ್ನು ಚಪ್ಪರಿಸುತ್ತಿರುತ್ತಾರೆ.

ನಾನು ಹಾಸ್ಟೆಲ್ಲಿನಲ್ಲಿ ಇದ್ದವನಲ್ಲ. ಹಾಗಾಗಿ ಅದರ ಬಗ್ಗೆ ಧೈರ್ಯವಾಗಿ ಮಾತಾಡಬಲ್ಲೆ. ಇದ್ದವರಿಗೆ ತಮ್ಮ ಹಾಸ್ಟೆಲ್ ಒಂದೇ ಗೊತ್ತು. ಇಲ್ಲದವನಿಗೆ ಊರಿನ ಎಲ್ಲ ಹಾಸ್ಟೆಲ್ಲುಗಳ ಕತೆಯೂ ಗೊತ್ತಿರುತ್ತದೆ. ಗದ್ದೆಯಂಚಿನಲ್ಲಿ ನಡೆದು ಶಾಲೆಗೆ ಹೋಗಿ ಸಂಜೆ ಅದೇ ಅಂಚಿನಲ್ಲಿ ಮನೆಗೆ ಬಂದವನು ನಾನು. ಅಮ್ಮ ಮಾಡಿದ ಸಾಂಬಾರನ್ನು ಬೈಯುವ ಅನುಕೂಲ ನಮಗೆ ಇರಲಿಲ್ಲ. ಬೈದಿದ್ದರೆ ರಾತ್ರಿಯ ಊಟವೇ ಇರುತ್ತಿರಲಿಲ್ಲ. ಒಂದೇ ಅಡುಗೆಯನ್ನು ಒಟ್ಟಿಗೆ ಬೈದವರ ನಡುವೆ ಬೆಳೆಯುವ ಆ ಗೆಳೆತನ ನಮಗೆ ಒಲಿಯಲಿಲ್ಲ. ಈ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಹೋಗಿಲ್ಲ.

ಈಗ ಈ ಮಾತು ಏಕೆ ಬಂತೆಂದರೆ, ಅಮೆರಿಕದಲ್ಲಿರುವ ನೆಂಟರೊಬ್ಬರ ಮೊಮ್ಮಗಳು ಅಲ್ಲೊಂದು ಸಣ್ಣ ವಸತಿಶಾಲೆಗೆ ಸೇರಿದ್ದಾಳೆ. ಕ್ವೇಕರರ ಶಾಲೆ. ಅಕ್ಟೋಬರಿನಲ್ಲಿ ಅಲ್ಲಿ ಮಕ್ಕಳು ಪಾಠ ಬಿಟ್ಟು ಸೇಬು ಕೊಯ್ಯುತ್ತಾರಂತೆ, ಚಳಿಗಾಲಕ್ಕೆಂದು ಸೌದೆ ಒಟ್ಟುತ್ತಾರಂತೆ, ಸರದಿಯ ಮೇಲೆ ಪಾತ್ರೆ ತೊಳೆದು ಪಾಯಖಾನೆ ಉಜ್ಜುತ್ತಾರಂತೆ. ಇಷ್ಟಕ್ಕೆ ವರ್ಷಕ್ಕೆ ಕಟ್ಟುವ ಫೀಸು ಕೇಳಿದ ಅವಳ ಅಜ್ಜಿ, "ಇದಕ್ಕೆ ಅಷ್ಟು ದುಡ್ಡೇ? ನಮ್ಮನೆಗೆ ಕಳ್ಸಿದ್ರೆ ನಾನೇ ಪುಕ್ಕಟೆ ಮಾಡ್ಸ್ತಿದ್ದೆ" ಎಂದರು. ಫೋನಿನ ಆ ಕಡೆ ಹುಡುಗಿ ನಕ್ಕಳು. ಆದರೆ ಶಾಲೆ ಬಿಟ್ಟು ಬರುತ್ತೇನೆ ಎನ್ನಲಿಲ್ಲ.

ಕ್ವೇಕರರು ಯಾರು ಎಂದು ನಮ್ಮ ಕಡೆ ಕೇಳಿದರೆ ಓಟ್ಸ್ ಡಬ್ಬಿಯ ಮೇಲಿನ ಟೋಪಿಯ ಮುದುಕನನ್ನು ತೋರಿಸುವವರೇ ಹೆಚ್ಚು. ಆ ಕಂಪನಿಗೂ ಈ ಪಂಥಕ್ಕೂ ಸಂಬಂಧವಿಲ್ಲ, ಪ್ರಾಮಾಣಿಕರೆಂಬ ಅವರ ಹೆಸರನ್ನು ಕಂಪನಿ ವ್ಯಾಪಾರಕ್ಕೆ ಬಳಸಿಕೊಂಡಿತು ಅಷ್ಟೇ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಸುತ್ತ ಕೂಡಿಕೊಂಡವರು ಇವರು. ದೇವರ ಬೆಳಕು ಪ್ರತಿಯೊಬ್ಬರೊಳಗೂ ಇದೆ, ನಡುವೆ ಪಾದ್ರಿ ಬೇಡ ಎಂದರು. ಹಾಗೆಂದ ಮೇಲೆ ಪ್ರವಚನ ಮಾಡುವವರು ಯಾರು? ಯಾರೂ ಇಲ್ಲ. ಎಲ್ಲರೂ ಒಂದು ಕೋಣೆಯಲ್ಲಿ ಸುಮ್ಮನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಆಡಿ ಕೂರುತ್ತಾರೆ, ಬರದಿದ್ದರೆ ಗಂಟೆಗಟ್ಟಲೆ ಮೌನವೇ ಪ್ರಾರ್ಥನೆ. ಸಭೆಯ ತೀರ್ಮಾನಕ್ಕೂ ಕೈಯೆತ್ತಿಸಿ ವೋಟು ಎಣಿಸುವುದಿಲ್ಲ. ಎಲ್ಲರ ಮನಸ್ಸೂ ಒಂದು ಕಡೆ ವಾಲುವ ತನಕ ಕಾಯುತ್ತಾರೆ. ಯುದ್ಧ ಬೇಡ, ಆಡಂಬರ ಬೇಡ, ದೊಡ್ಡವರಿಗೆ ಟೋಪಿ ತೆಗೆಯುವುದೂ ಬೇಡ ಎಂದದ್ದಕ್ಕೆ ಆ ಕಾಲದಲ್ಲಿ ಸಾವಿರಾರು ಮಂದಿ ಜೈಲು ಕಂಡರು.

ಇಂಥವರು ಶಾಲೆ ಕಟ್ಟುವುದರಲ್ಲಿ ಗಟ್ಟಿಗರು. ಇಂಗ್ಲೆಂಡಿನ ಆಕ್‌ವರ್ತ್ ಶಾಲೆ 1779ರದ್ದು, ಅಮೆರಿಕದ ಓಹಿಯೋದ ಓಲ್ನಿ ಶಾಲೆ 1837ರದ್ದು. ಅಯೋವಾದ ವೆಸ್ಟ್ ಬ್ರಾಂಚ್ ಎಂಬ ಹಳ್ಳಿಯ ಹತ್ತಿರ 1890ರಲ್ಲಿ ಶುರುವಾದ ಸ್ಕ್ಯಾಟರ್‌ಗುಡ್ ಶಾಲೆಯ ಕತೆ ನನಗೆ ಬಹಳ ಇಷ್ಟ. ನಡುವೆ ಆ ಶಾಲೆ ನಿಂತುಹೋಗಿ ಕಟ್ಟಡ ಖಾಲಿ ಬಿದ್ದಿತ್ತು. ಹಿಟ್ಲರನ ಕಾಟಕ್ಕೆ ಯುರೋಪು ಬಿಟ್ಟು ಓಡಿಬಂದವರಿಗೆ 1939ರಿಂದ 1943ರವರೆಗೆ ಅದೇ ಕಟ್ಟಡ ಹಾಸ್ಟೆಲ್ ಆಯಿತು. ಊರು ಕಳೆದುಕೊಂಡ ವಕೀಲರು, ವ್ಯಾಪಾರಿಗಳು, ಅವರ ಮಕ್ಕಳು ಜೋಳದ ಹೊಲಗಳ ನಡುವೆ ಇಂಗ್ಲಿಷ್ ಕಲಿಯುತ್ತ, ಸರದಿಯ ಮೇಲೆ ಅಡುಗೆ ಮಾಡುತ್ತ, ಪಾತ್ರೆ ತೊಳೆಯುತ್ತ ಹೊಸ ದೇಶಕ್ಕೆ ಹೊಂದಿಕೊಂಡರು. ಆಮೇಲೆ ಅಲ್ಲಿ ಮತ್ತೆ ಶಾಲೆ ನಡೆಯಿತು. ಮಕ್ಕಳಿಗೆಂದು ಕಟ್ಟಿದ ಮನೆಯ ಬಾಗಿಲು ಹೊರಗಿನವರಿಗೂ ತೆರೆಯಿತಲ್ಲ, ಆ ಮಾತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ನೆಂಟರ ಹುಡುಗಿಯ ಶಾಲೆಯಲ್ಲಿ ಮಕ್ಕಳು ಮೇಷ್ಟ್ರನ್ನು ಹೆಸರು ಹಿಡಿದು ಕರೆಯುತ್ತಾರೆ ಎಂದು ಕೇಳಿದಾಗ ಇಲ್ಲಿ ಒಂದು ಸಣ್ಣ ಗಲಾಟೆಯೇ ಆಯಿತು. ನಿವೃತ್ತ ಹೆಡ್‌ಮಾಷ್ಟ್ರೊಬ್ಬರು ಎರಡು ದಿನ ಬೇಜಾರಿನಲ್ಲಿದ್ದರು. ನಮ್ಮ ಬ್ರಹ್ಮಾವರದ ರಥಬೀದಿಯಲ್ಲಿ ತೊಂಬತ್ತು ದಾಟಿದ ಮುದುಕರನ್ನು ಎಪ್ಪತ್ತು ದಾಟಿದ ಶಿಷ್ಯರು ಈಗಲೂ "ಮಾಷ್ಟ್ರೇ" ಎಂದು ಬೆನ್ನು ಬಗ್ಗಿಸಿ ಮಾತಾಡಿಸುತ್ತಾರೆ. ಇನ್ನು ಮೌನದ ವಿಷಯ. ನಮ್ಮ ಕಡೆ ಊಟಕ್ಕೆ ಕೂತರೆ ಮೌನ ಎಲ್ಲಿಂದ ಬರಬೇಕು? ಪಂಕ್ತಿಯ ಒಂದು ತುದಿಯಿಂದ ಯಾರೋ ಚೂರ್ಣಿಕೆ ಎತ್ತುತ್ತಾರೆ. ಆ ತುದಿಯವರು ಅದಕ್ಕಿಂತ ದೊಡ್ಡ ಸ್ವರದಲ್ಲಿ ಇನ್ನೊಂದು ಹೇಳುತ್ತಾರೆ. ಸಣ್ಣ ಮಾಣಿಯೊಬ್ಬನನ್ನು ಎಬ್ಬಿಸಿ ನಿಲ್ಲಿಸಿ ಶ್ಲೋಕ ಹೇಳಿಸುತ್ತಾರೆ, ಅವನು ನಡುವೆ ಮರೆತರೆ ಹತ್ತು ಜನ ನೆನಪಿಸುತ್ತಾರೆ, ಕಡೆಗೆ ಇಡೀ ಪಂಕ್ತಿ ಗೋವಿಂದಾ ಎಂದು ಚಪ್ಪರ ಹಾರಿಹೋಗುವ ಹಾಗೆ ಕೂಗುತ್ತದೆ. ಅವರು ಸುಮ್ಮನಿದ್ದು ಒಂದಾಗುತ್ತಾರೆ, ನಾವು ಕೂಗಿ ಒಂದಾಗುತ್ತೇವೆ. ದೇವರಿಗೆ ಎರಡೂ ಕೇಳಿಸುತ್ತದೆ ಎಂದು ನಾನು ನಂಬಿದ್ದೇನೆ. ನಮ್ಮದು ಸ್ವಲ್ಪ ಬೇಗ ಕೇಳಿಸಬಹುದು.

ಅವರ ಶರತ್ಕಾಲಕ್ಕೂ ನಮ್ಮದಕ್ಕೂ ಹೀಗೇ ಅಜಗಜಾಂತರ. ಅಲ್ಲಿ ಎಲೆ ಕೆಂಪಾಗಿ ಉದುರುತ್ತದೆ. ಪಠ್ಯಪುಸ್ತಕದಲ್ಲಿ ಆ ಚಿತ್ರ ನೋಡಿ ಬೆಳೆದ ನಾವು ಅಕ್ಟೋಬರ್ ಬಂದಾಗ ಹಲಸಿನ ಮರವನ್ನು ನೋಡುತ್ತ ನಿಂತದ್ದೂ ಉಂಟು. ಹಲಸಿನ ಮರಕ್ಕೆ ಪಠ್ಯಪುಸ್ತಕದ ಪರಿಚಯವಿಲ್ಲ. ನಮ್ಮಲ್ಲಿ ಶರತ್ತು ಬರುವುದು ಗದ್ದೆಗೆ. ಕಾರ್ತಿ ಬೆಳೆ ಹಣ್ಣಾಗುತ್ತದೆ. ಹಸ್ತ, ಚಿತ್ತೆ, ಸ್ವಾತಿ ಎಂದು ಹೆಸರಿಟ್ಟುಕೊಂಡ ಮಳೆಗಳು ಹಗಲಿಡೀ ಸುಮ್ಮನಿದ್ದು, ಇನ್ನೇನು ಕೊಯ್ದ ಪೈರು ಮನೆ ಸೇರಬೇಕು ಎನ್ನುವಾಗ ಸಂಜೆ ಗುಡುಗಿಕೊಂಡು ಬರುತ್ತವೆ. ಹಿಂದೆ ಮನೆಮಂದಿಯೆಲ್ಲ ಕತ್ತಿ ಹಿಡಿದು ಗದ್ದೆಗಿಳಿಯುತ್ತಿದ್ದ ದಿನಗಳು ಇವು. ಈಗ ಕಟಾವಿನ ಯಂತ್ರಕ್ಕೆ ಫೋನು ಮಾಡಿ, "ನಾಳೆ ಬಪ್ಪುದಾ, ನಾಡಿದ್ದಾ?" ಎಂದು ಆಕಾಶ ನೋಡುವ ದಿನಗಳು. ಸೀತಾ ನದಿಯಿಂದ ಸ್ವರ್ಣೆಯ ತನಕ ಎಲ್ಲಿ ನೋಡಿದರೂ ಹಳದಿ. ಹೊಸ್ತಿನ ದಿನ ನಾಲ್ಕು ಕದಿರು ತಂದು ಬಾಗಿಲಿಗೆ, ಕಂಬಕ್ಕೆ, ಬಾವಿಕಟ್ಟೆಗೆ ಕಟ್ಟಿ, ಹೊಸ ಅಕ್ಕಿ ಬೇಯಿಸಿ, ಕಿರಿಯರು ಹಿರಿಯರ ಕಾಲು ಹಿಡಿದು ಉಣ್ಣುತ್ತಾರೆ.

ಶಾಲೆಯೂ ಶರತ್ಕಾಲವೂ ಒಂದಾಗುತ್ತಿದ್ದ ಪದ್ಧತಿಯೊಂದು ಕುಂದಾಪುರ, ಬ್ರಹ್ಮಾವರದ ಕಡೆ ಇತ್ತು. ಹೂವಿನಕೋಲು. ಸರಕಾರಿ ಶಾಲೆಗಳು ಬರುವ ಮೊದಲು ಊರಿಗೊಬ್ಬ ಐಗಳು ಇರುತ್ತಿದ್ದರು. ಅವರ ಮನೆಯ ಜಗಲಿಯೇ ಶಾಲೆ, ಅದಕ್ಕೆ ಐಗಳ ಮಠ ಎಂದು ಹೆಸರು, ಮರಳಿನ ಮೇಲೆ ಬೆರಳಲ್ಲಿ ತಿದ್ದಿದ್ದೇ ಅಕ್ಷರ. ಐಗಳಿಗೆ ತಿಂಗಳ ಸಂಬಳ ಕೊಡುವವರು ಯಾರು? ನವರಾತ್ರಿ ಬಂತೆಂದರೆ ಅವರು ಮಕ್ಕಳ ಕೈಗೆ ಹೂ ಸುತ್ತಿದ ಕೋಲು ಕೊಟ್ಟು ಮನೆಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಹರಸುವ ಹಾಡು ಹೇಳುತ್ತಿದ್ದರು. ಬರಬರುತ್ತ ಅದಕ್ಕೆ ಭಾಗವತರು, ಮದ್ದಳೆ ಕೂಡಿಕೊಂಡು ಎದುರುಬದುರು ಕೂತ ಇಬ್ಬರು ಹುಡುಗರು ಕೃಷ್ಣಾರ್ಜುನರಾಗಿ ಮಾತು ಒಪ್ಪಿಸತೊಡಗಿದರು. ಮನೆಯವರು ಅಕ್ಕಿ, ಕಾಯಿ, ಕೈಲಾದಷ್ಟು ದುಡ್ಡು ಕೊಡುತ್ತಿದ್ದರು. ಐಗಳ ವರ್ಷದ ಗಳಿಕೆಯ ಒಂದು ಪಾಲು ಹೀಗೆ ಆಗುತ್ತಿತ್ತು.

ಇದರಲ್ಲಿ ನಾನು ಮೆಚ್ಚುವ ಜಾಣತನ ಒಂದುಂಟು. ಇವತ್ತಿನ ಶಾಲೆಗಳು ಪಾಲಕರನ್ನು ಶಾಲೆಗೆ ಕರೆಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮಗುವಿನ ಅಂಕಗಳನ್ನು ಕೈಗೆ ಕೊಡುತ್ತವೆ. ಐಗಳು ಶಾಲೆಯನ್ನೇ ಊರಿನ ಜಗಲಿಗೆ ತಂದು ನಿಲ್ಲಿಸುತ್ತಿದ್ದರು. ಮಾಣಿಗೆ ಸ್ವರ ಉಂಟೋ, ನಾಲಿಗೆ ಹೊರಳುತ್ತದೋ, ಎಂಟು ಜನರೆದುರು ಹೆದರದೆ ನಿಲ್ಲುತ್ತಾನೋ ಎಂದು ಇಡೀ ಊರೇ ಪರೀಕ್ಷೆ ಮಾಡುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಮಾಣಿಗೆ ಬೆಲ್ಲ, ಅವಲಕ್ಕಿ ಸಿಗುತ್ತಿತ್ತು. ಯಾವ ಬೋರ್ಡಿನ ಪರೀಕ್ಷೆಯಲ್ಲಿ ಅವಲಕ್ಕಿ ಕೊಡುತ್ತಾರೆ ಹೇಳಿ? ಐಗಳ ಮಠಗಳು ಹೋದವು, ಹೂವಿನಕೋಲೂ ಹೆಚ್ಚುಕಡಿಮೆ ಮರೆತೇಹೋಗಿತ್ತು. ಈಗ ಯಕ್ಷಗಾನ ಕಲಿಸುವ ಕೆಲವು ಕೇಂದ್ರಗಳು, ತಂಡಗಳು ನವರಾತ್ರಿಯಲ್ಲಿ ಮತ್ತೆ ಮಕ್ಕಳನ್ನು ಕರೆದುಕೊಂಡು ಹೊರಡುತ್ತವೆ. ಬಂದರೆ ಬಾಗಿಲು ಹಾಕಬೇಡಿ.

ಇನ್ನು ಹಾಸ್ಟೆಲ್ಲಿನ ಕತೆಗೆ ಬರುತ್ತೇನೆ. ನಮ್ಮ ಅಜ್ಜಯ್ಯ ಉಡುಪಿಯಲ್ಲಿ ಓದಿದ್ದು ಗೋಡೆಯಿಲ್ಲದ ಹಾಸ್ಟೆಲ್ಲಿನಲ್ಲಿ. ವಾರಾನ್ನ. ಮಲಗುವುದು ಯಾರದೋ ಜಗಲಿ, ಓದುವುದು ಬೀದಿ ದೀಪ ಅಥವಾ ದೇವಸ್ಥಾನದ ದೀಪ, ಊಟ ವಾರಕ್ಕೆ ಏಳು ಮನೆ. ಅಜ್ಜಯ್ಯನಿಗೆ ಆ ಮನೆಗಳ ಯಜಮಾನರ ಹೆಸರು ಮುಪ್ಪಿನಲ್ಲಿ ಮರೆತುಹೋಗಿತ್ತು. ಆದರೆ ಸೋಮವಾರದ ಮನೆ, ಬುಧವಾರದ ಅತ್ತೆ, ಶುಕ್ರವಾರದ ಪಾಯಸ ಮರೆತಿರಲಿಲ್ಲ. ಬುಧವಾರದ ಅತ್ತೆ ತುಪ್ಪ ಹಾಕುವಾಗ ಮೋರೆ ಆ ಕಡೆ ತಿರುಗಿಸುತ್ತಿದ್ದರಂತೆ, ಎಷ್ಟು ಬಿತ್ತು ಎಂದು ತನಗೇ ಗೊತ್ತಾಗಬಾರದೆಂದು. ಮಂಗಳವಾರದ ಮನೆಯಲ್ಲಿ ಎರಡನೇ ಸಲ ಅನ್ನ ಕೇಳಿದರೆ ಒಳಗಿನಿಂದ ಪಾತ್ರೆಯ ತಳ ಕೆರೆಯುವ ಸದ್ದು ಮಾತ್ರ ಬರುತ್ತಿತ್ತಂತೆ. ಏಕಾದಶಿಯೆಂದರೆ ಏಳು ಮನೆಗೂ ಒಟ್ಟಿಗೆ ಬೀಗ. ಅದೂ ಶುಕ್ರವಾರವೇ ಬಂದರೆ ಪಂಚಾಂಗದ ಮೇಲೆಯೇ ಸಿಟ್ಟು.

ಈ ವ್ಯವಸ್ಥೆಗೆ ಕಮಿಟಿ ಇರಲಿಲ್ಲ, ವಾರ್ಡನ್ ಇರಲಿಲ್ಲ, ಅನುದಾನವಿರಲಿಲ್ಲ. ಆದರೆ ಆ ಹುಡುಗ ಒಂದು ಊರಿನ ಏಳು ಅಡುಗೆಮನೆಗಳಿಗೆ ಸೇರಿದವನಾಗಿರುತ್ತಿದ್ದ. ಜ್ವರ ಬಂದು ಗುರುವಾರ ಹೋಗದಿದ್ದರೆ ಗುರುವಾರದ ಮನೆಯವರು ಹುಡುಕಿಕೊಂಡು ಬರುತ್ತಿದ್ದರು. ಪರೀಕ್ಷೆ ಪಾಸಾದರೆ ಏಳು ಮನೆಯಲ್ಲಿ ಸಕ್ಕರೆ ಹಂಚುತ್ತಿದ್ದರು. ಕರ್ನಾಟಕದಲ್ಲಿ ದೊಡ್ಡ ಹೆಸರು ಮಾಡಿದ ಎಷ್ಟೋ ಮಂದಿ ವಾರಾನ್ನದಲ್ಲಿ ಓದಿ ಬಂದವರು. ಅವರ ಮಾತಿನಲ್ಲಿ ಆ ಮನೆಗಳ ಋಣ ಕಡೆಯ ತನಕ ಕೇಳಿಸುತ್ತಿತ್ತು.

ಇಲ್ಲಿ ನಿಲ್ಲಿಸಿ ಕಣ್ಣೊರೆಸಿಕೊಂಡರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ಏಳು ಮನೆಗಳ ಬಾಗಿಲು ತೆರೆದದ್ದು ಸ್ವಜಾತಿಯ ಹುಡುಗರಿಗೆ ಮಾತ್ರ. ನಮ್ಮ ಅಜ್ಜಯ್ಯನ ಓರಗೆಯ, ಅಜ್ಜಯ್ಯನಿಗಿಂತ ಚುರುಕಾದ, ಗದ್ದೆಯ ಆಚೆ ಬದಿಯ ಹುಡುಗ ಉಡುಪಿಗೆ ಹೋಗಲಿಲ್ಲ. ಅವನಿಗೆ ಸೋಮವಾರವೂ ಇರಲಿಲ್ಲ, ಶುಕ್ರವಾರವೂ ಇರಲಿಲ್ಲ. ಗೋಡೆಯಿಲ್ಲದ ಹಾಸ್ಟೆಲ್ಲಿಗೆ ಕಣ್ಣಿಗೆ ಕಾಣದ ಗೋಡೆ ಇತ್ತು. ಕಲ್ಲಿನದ್ದಾದರೆ ಏಣಿ ಹಾಕಬಹುದಿತ್ತು.

ಆ ಗೋಡೆ ಒಡೆಯಬೇಕಾದರೆ ಕಲ್ಲಿನ ಗೋಡೆಯ ಹಾಸ್ಟೆಲ್ಲೇ ಬೇಕಾಯಿತು. ಕಾಸರಗೋಡಿನ ಕುದ್ಮುಲ್‌ನಿಂದ ಮಂಗಳೂರಿಗೆ ಬಂದ ವಕೀಲ ರಂಗರಾಯರು 1897ರಲ್ಲಿ ದಲಿತ ಮಕ್ಕಳಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅಕ್ಷರದ ಜೊತೆ ಊಟ, ವಸತಿ, ಕೈಕೆಲಸ ಎಲ್ಲವೂ ಬೇಕು ಎಂದು ಅವರಿಗೆ ಗೊತ್ತಿತ್ತು. ಹಸಿದವನ ಮುಂದೆ ಕಾಗುಣಿತ ಇಟ್ಟು ಪ್ರಯೋಜನವೇನು? ಸ್ವಂತ ಜಾತಿಯವರು ಅವರನ್ನು ಬಹಿಷ್ಕರಿಸಿದರು, ಅವರು ಕೆಲಸ ಬಿಡಲಿಲ್ಲ. ಆಮೇಲೆ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ಹಾಸ್ಟೆಲ್ ಕಟ್ಟಿತು. ಮಂಗಳೂರಿನಲ್ಲಿ ಬಂಟ್ಸ್ ಹಾಸ್ಟೆಲ್ ಎಂಬುದು ಈಗ ಒಂದು ಬಸ್ ಸ್ಟಾಪಿನ ಹೆಸರೇ ಆಗಿದೆ. ಇನ್ನೂ ಮುಂದೆ ಸರಕಾರದ ಬಿಸಿಎಂ ಹಾಸ್ಟೆಲ್ಲುಗಳು, ಮೊರಾರ್ಜಿ ಶಾಲೆಗಳು ಬಂದವು. ತುಮಕೂರಿನ ಸಿದ್ಧಗಂಗೆಯಲ್ಲಂತೂ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಉಣ್ಣುತ್ತಾರೆ. ಇವತ್ತು ನಮ್ಮ ರಾಜ್ಯದ ಎಷ್ಟು ಡಾಕ್ಟರು, ಎಂಜಿನಿಯರು, ಮೇಷ್ಟ್ರು ಹಾಸ್ಟೆಲ್ ಅನ್ನದಲ್ಲಿ ಓದಿ ಬಂದಿದ್ದಾರೆ ಎಂದು ನಿಮ್ಮ ಪರಿಚಯದವರಲ್ಲೇ ಲೆಕ್ಕ ಹಾಕಿ ನೋಡಿ.

ಕ್ವೇಕರರ ಹಾಗೆ ದೊಡ್ಡ ಸಭೆಯಿಂದ ಬೇರೆಯಾಗಿ ತನ್ನದೇ ದಾರಿ ಹಿಡಿದ ಸಣ್ಣ ಪಂಗಡವೊಂದು ಬ್ರಹ್ಮಾವರದಲ್ಲೂ ಇದೆ. 1889ರಲ್ಲಿ ಕೊಟ್ಟಾಯಂನಲ್ಲಿ ಬಿಷಪರಾಗಿ ದೀಕ್ಷೆ ಪಡೆದ ಗೋವೆಯ ಅಲ್ವಾರಿಸರು ರೋಮಿನ ಅಧಿಕಾರ ಬಿಟ್ಟು ಸಿರಿಯನ್ ಆರ್ಥೊಡಾಕ್ಸ್ ಸಭೆಯ ಕಡೆ ಬಂದರು. ಅವರ ಹಿಂದೆ ಬಂದ ಕೊಂಕಣಿ ಮಾತಿನ ಕುಟುಂಬಗಳನ್ನು ಬ್ರಹ್ಮಾವರದಲ್ಲಿ ನಿಂತು ನೋಡಿಕೊಂಡವರು ಫಾದರ್ ನೊರೊನ್ಹಾ, ಅದೂ 1936ರಲ್ಲಿ ತೀರಿಕೊಳ್ಳುವ ತನಕ. ಅಂಥದ್ದೊಂದು ಸಣ್ಣ ಸಮುದಾಯ ಕಟ್ಟಿದ ಎಸ್‌ಎಂಎಸ್ ಶಾಲೆ, ಕಾಲೇಜುಗಳಲ್ಲಿ ಇವತ್ತು ಊರಿನ ಎಲ್ಲ ಜಾತಿಯ ಮಕ್ಕಳೂ ಓದುತ್ತಾರೆ. ಸಂಖ್ಯೆಯಲ್ಲಿ ಸಣ್ಣವರು ಶಾಲೆಯ ವಿಷಯದಲ್ಲಿ ದೊಡ್ಡವರಾಗುವುದು ಇಂಗ್ಲೆಂಡಿನಲ್ಲೂ ಆಗಿದೆ, ಇಲ್ಲೂ ಆಗಿದೆ.

ವಸತಿಶಾಲೆಯ ಮಾತಿನಲ್ಲಿ ಬಾರ್ಕೂರಿನ ಹೆಸರು ಬಿಟ್ಟರೆ ಬಾರ್ಕೂರಿನವರು ಸುಮ್ಮನಿರುವುದಿಲ್ಲ. ವರ್ಷಕ್ಕೆ ಎಷ್ಟು ದಿನವೋ ಅಷ್ಟು ದೇವಸ್ಥಾನಗಳಿದ್ದವು ಎಂದು ಹೇಳಿಕೊಳ್ಳುವ ಹಳೆಯ ರಾಜಧಾನಿ ಅದು. ಅಲ್ಲಿ ಹುಟ್ಟಿದ ಹುಡುಗನೊಬ್ಬ ಊರು ಬಿಟ್ಟು ದೇಶ ಸುತ್ತಿ, ಯೋಗ ಕಲಿತು, ಆಯುರ್ವೇದ ಕಲಿತು, ಕಡೆಗೆ 1943ರಲ್ಲಿ ಚಿತ್ರದುರ್ಗದ ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿ ಎಂಬ ಕುಗ್ರಾಮದಲ್ಲಿ ನೆಲೆ ನಿಂತ. ಅನಾಥ ಸೇವಾಶ್ರಮದ ರಾಘವೇಂದ್ರ ಸ್ವಾಮೀಜಿ ಅವರೇ. ಸಾಹಿತ್ಯದಲ್ಲಿ ಅವರ ಹೆಸರು ತಿರುಕ. ಅದು ವಿನಯಕ್ಕೆ ಇಟ್ಟುಕೊಂಡ ಹೆಸರು ಮಾತ್ರವಾಗಿರಲಿಲ್ಲ. ಜೋಳಿಗೆ ಹಿಡಿದು ಬೇಡಿಯೇ ಅವರು ಶಾಲೆ, ಹಾಸ್ಟೆಲ್, ಆಸ್ಪತ್ರೆ ಕಟ್ಟಿದ್ದು. ಬೆಳಗಿನ ಜಾವಕ್ಕೆ ಎದ್ದು ಆಸನ ಹಾಕುವುದು, ಆಶ್ರಮದ ಕೆಲಸ ಮಾಡುವುದು, ನಾಟಕ ಆಡುವುದು, ಅಲ್ಲಿನ ಮಕ್ಕಳ ಪಠ್ಯದಲ್ಲಿ ಇವೆಲ್ಲ ಸೇರಿದ್ದವು. ನೂರು ದಾಟಿದ ಮೇಲೂ ಬೆನ್ನು ನೆಟ್ಟಗೆ ಇಟ್ಟುಕೊಂಡಿದ್ದ ಅವರು 1996ರಲ್ಲಿ ತೀರಿಕೊಂಡರು. ಮುನ್ನೂರು ಚಿಲ್ಲರೆ ದೇವಸ್ಥಾನಗಳ ಊರಿನಿಂದ ಹೊರಟವರು ಘಟ್ಟದ ಮೇಲೆ ಕಟ್ಟಿದ್ದು ಮಾತ್ರ ಶಾಲೆ.

ಅವರು ಅತ್ತ ಹೋದರು, ಘಟ್ಟದ ಮೇಲಿನ ಮಕ್ಕಳು ಇತ್ತ ಬಂದರು. 1971ರಲ್ಲಿ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಗುರು ಬನ್ನಂಜೆ ಸಂಜೀವ ಸುವರ್ಣರ ಕಣ್ಣ ಕೆಳಗೆ ಎಷ್ಟೋ ಹುಡುಗರು ಗುರುಕುಲದ ರೀತಿಯಲ್ಲಿ ಬೆಳೆದರು. ಮುಂಜಾನೆ ಹೆಜ್ಜೆ, ಹಗಲು ಪಕ್ಕದ ಶಾಲೆ, ಸಂಜೆ ಮತ್ತೆ ತಾಳ. ಬಯಲುಸೀಮೆಯ ಮಾತಿನ ಹುಡುಗ ಬಡಗುತಿಟ್ಟಿನ ಕೇದಗೆ ಮುಂದಲೆ ಕಟ್ಟಿ ರಂಗಕ್ಕೆ ಬಂದರೆ ಯಾವ ಊರಿನವನೆಂದು ಹೇಳುವುದು ಕಷ್ಟ. ಶಾಲೆಯಿಂದ ಬಂದವನೇ ಅಂಗಳ ಗುಡಿಸಿ ಗೆಜ್ಜೆ ಕಟ್ಟುವ ಹುಡುಗನಿಗೂ, ಸೇಬಿನ ತೋಟದಿಂದ ಬಂದು ಪಾತ್ರೆ ತೊಳೆಯುವ ನಮ್ಮ ನೆಂಟರ ಹುಡುಗಿಗೂ ನಾನು ದೊಡ್ಡ ಭೇದ ಕಾಣೆ. ಫೀಸಿನಲ್ಲಿ ಮಾತ್ರ ಉಂಟು.

ಬ್ರಹ್ಮಾವರದಿಂದ ಹೆಬ್ರಿ ಕಡೆಗೆ ಹೋಗುವಾಗ ಪೇತ್ರಿಯ ಹತ್ತಿರ ಚೇರ್ಕಾಡಿ. ಉಡುಪಿ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಅಲ್ಲಿ. 1986ರ ಶಿಕ್ಷಣ ನೀತಿಯ ಕನಸು ನವೋದಯ: ಜಿಲ್ಲೆಗೊಂದು ಶಾಲೆ, ಆರನೇ ತರಗತಿಗೆ ಪರೀಕ್ಷೆ ಬರೆಸಿ ಆಯ್ಕೆ, ಸೀಟುಗಳಲ್ಲಿ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ, ಊಟ ವಸತಿ ಉಚಿತ. ದೇಶದಲ್ಲಿ ಆರುನೂರು ದಾಟಿವೆ, ತಮಿಳುನಾಡೊಂದು ಮಾತ್ರ ಹಿಂದಿಯ ಕಾರಣಕ್ಕೆ ಬೇಡ ಎಂದಿತು. ಎಲ್ಲ ನವೋದಯಗಳಲ್ಲೂ ಮಕ್ಕಳ ಮನೆಗಳಿಗೆ ಅವೇ ಹೆಸರು: ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಪಶ್ಚಿಮಘಟ್ಟದ ಬುಡದಲ್ಲಿ ಕೂತು ನಮ್ಮ ಮಕ್ಕಳು ಅರಾವಳಿಗೆ ಜೈ ಎನ್ನುತ್ತಾರೆ. ಎದುರಿಗಿರುವ ಬೆಟ್ಟಕ್ಕೆ ಸ್ವಲ್ಪ ಬೇಜಾರಾಗಬಹುದು.

ನವೋದಯದ ಅತಿ ಚಂದದ ನಿಯಮ ಒಂಬತ್ತನೇ ತರಗತಿಯದ್ದು. ನೂರಕ್ಕೆ ಮೂವತ್ತು ಮಕ್ಕಳು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗಬೇಕು, ಅಲ್ಲಿಯವರು ಇಲ್ಲಿಗೆ ಬರಬೇಕು. ಹದಿನಾಲ್ಕು ವರ್ಷದ ಮಗು ಒಂದು ಟ್ರಂಕು ಹಿಡಿದು ಎರಡು ಮೂರು ದಿನ ರೈಲಿನಲ್ಲಿ ಪ್ರಯಾಣ ಮಾಡಿ, ರೊಟ್ಟಿಯ ಊರಿನಿಂದ ಕುಚ್ಚಲಕ್ಕಿಯ ಊರಿಗೆ ಬಂದು ಇಳಿಯುತ್ತದೆ. ಅಷ್ಟು ದಪ್ಪದ ಅನ್ನದ ಕಾಳನ್ನು ಮೊದಲ ಸಲ ನೋಡಿದಾಗ ಅದು ಏನೆಂದುಕೊಳ್ಳುತ್ತದೋ! ಸುತ್ತಮುತ್ತ ಒಂದು ಕಿವಿಗೆ ಕುಂದಾಪ್ರ ಕನ್ನಡ, ಒಂದು ಕಿವಿಗೆ ತುಳು, ಅಂಗಡಿಯಲ್ಲಿ ಕೊಂಕಣಿ. ಪುಸ್ತಕದ ಕನ್ನಡ ಕಲಿತು ಮುಗಿಯುವ ಮೊದಲೇ "ಹ್ವಾಯ್" ಬಾಯಿಗೆ ಬಂದಿರುತ್ತದೆ. ಹಿಂದಿ ನಾಡಿನ ಮಗುವಿನ ಬಾಯಲ್ಲಿ ಹ್ವಾಯ್ ಕೇಳಿದರೆ ರಾಷ್ಟ್ರೀಯ ಭಾವೈಕ್ಯ ಎಂಬ ಭಾರದ ಮಾತು ಒಂದೇ ಕ್ಷಣದಲ್ಲಿ ಹಗುರಾಗುತ್ತದೆ.

ಆ ಶಾಲೆಗೆ ಚೇರ್ಕಾಡಿಯೇ ಸಿಕ್ಕಿದ್ದು ನನಗೆ ಸುಮ್ಮನೆ ಆದ ಕೆಲಸವೆನಿಸುವುದಿಲ್ಲ. ಕೃಷಿಯ ಬಗ್ಗೆ ಆಸಕ್ತಿ ಇರುವವರಿಗೆ ಚೇರ್ಕಾಡಿ ಎಂದರೆ ರಾಮಚಂದ್ರ ರಾಯರು. ಗಾಂಧಿಯನ್ನು ಓದಿ ಹಾಗೆಯೇ ಬದುಕಿದವರು. ತುಂಡು ಜಾಗದಲ್ಲಿ ಉಳುಮೆ ಇಲ್ಲದೆ, ರಾಸಾಯನಿಕ ಗೊಬ್ಬರ ಇಲ್ಲದೆ, ತಮ್ಮ ಕೈಯ ದುಡಿಮೆಯಿಂದಲೇ ಭತ್ತ ಬೆಳೆದು ಉಂಡರು, ದೂರದೂರದವರು ಬಂದು ನೋಡಿ ಹೋದರು. ಗಾಂಧಿಯೇನು ಈ ಮಾತಿನಿಂದ ಹೊರಗಿನವರಲ್ಲ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅವರಿಗೆ ಆಪ್ತನಾಗಿದ್ದ ಕೋಟ್ಸ್ ಎಂಬಾತ ಕ್ವೇಕರ್. 1910ರಲ್ಲಿ ಗಾಂಧಿ ಟಾಲ್‌ಸ್ಟಾಯ್ ಫಾರ್ಮ್ ಶುರು ಮಾಡಿದಾಗ ಮಕ್ಕಳೂ ದೊಡ್ಡವರೂ ಸೇರಿ ಅಡುಗೆ, ಕಸ, ಪಾಯಖಾನೆ, ತೋಟ ಎಲ್ಲ ಮಾಡಿದರು. ಮುಂದೆ ಅದೇ ವಿಚಾರ ಸೇವಾಗ್ರಾಮದಲ್ಲಿ ನಯೀ ತಾಲೀಮ್ ಆಯಿತು. ಅಲ್ಲಿ ಶಿಕ್ಷಕರನ್ನು ತರಬೇತು ಮಾಡಿದವರಲ್ಲಿ ಮುಖ್ಯರಾದ ಮಾರ್ಜೊರಿ ಸೈಕ್ಸ್ 1928ರಲ್ಲಿ ಮದ್ರಾಸಿಗೆ ಮೇಷ್ಟ್ರಮ್ಮನಾಗಿ ಬಂದ ಇಂಗ್ಲಿಷ್ ಹೆಣ್ಣುಮಗಳು, ಆಮೇಲೆ ಕ್ವೇಕರ್ ಆದವರು, ನಮ್ಮ ಪಕ್ಕದ ನೀಲಗಿರಿಯ ಕೋಟಗಿರಿಯಲ್ಲೂ ನೆಲೆಸಿದ್ದವರು. ಹೀಗೆ ಸುತ್ತಿಕೊಂಡು ಬಂದರೆ ಅಯೋವಾದ ಶಾಲೆಗೂ ಚೇರ್ಕಾಡಿಯ ಗದ್ದೆಗೂ ಬಳಸು ದಾರಿಯಲ್ಲಿ ನೆಂಟಸ್ತಿಕೆ ಸಿಗುತ್ತದೆ. ನಮ್ಮ ಕಡೆ ನೆಂಟಸ್ತಿಕೆ ಹುಡುಕಲು ಹೊರಟರೆ ಸಿಗದಿರುವುದು ಅಪರೂಪ.

ಇಷ್ಟೆಲ್ಲ ಸುತ್ತಿದ್ದು ಒಂದು ಮಾತಿಗಾಗಿ. ವಾರಾನ್ನದ ಹುಡುಗನಿಗೆ ಇಡೀ ಊರು ಗೊತ್ತಿತ್ತು, ಆದರೆ ಆ ಊರು ಎಲ್ಲ ಹುಡುಗರದ್ದಾಗಿರಲಿಲ್ಲ. ಇವತ್ತಿನ ಹಾಸ್ಟೆಲ್ ಎಲ್ಲ ಹುಡುಗರದ್ದು, ಆದರೆ ಆ ಹುಡುಗರಿಗೆ ಊರು ಗೊತ್ತಿಲ್ಲ, ಊರಿಗೆ ಆ ಹುಡುಗರು ಗೊತ್ತಿಲ್ಲ. ಜಾತಿ ಕೇಳದೆ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಿಸಿದ್ದು ಕಲ್ಲಿನ ಗೋಡೆಯ ಗೆಲುವು, ಅದನ್ನು ಕಳೆದುಕೊಳ್ಳಬಾರದು. ಆದರೆ ಕಂಪೌಂಡಿನಾಚೆ ನಾವು ನಮ್ಮಷ್ಟಕ್ಕೆ ಹಬ್ಬ ಮಾಡುತ್ತೇವೆ. ಒಂದೆರಡು ದಿನದ ಹಬ್ಬಕ್ಕೆ ದೂರದ ಮಕ್ಕಳು ಮನೆಗೆ ಹೋಗುವ ಮಾತಿಲ್ಲ. ಅವರು ಒಳಗೆ ಇರುತ್ತಾರೆ. ನಮ್ಮ ಪಟಾಕಿ ಅವರಿಗೆ ಕೇಳಿಸುತ್ತದೆ, ನಮ್ಮ ಹೊಸ ಅಕ್ಕಿಯ ಪಾಯಸ ಮಾತ್ರ ಮುಟ್ಟುವುದಿಲ್ಲ. ಎಷ್ಟೋ ಊರುಗಳಲ್ಲಿ ಹಾಸ್ಟೆಲ್ಲಿನ ಪಕ್ಕದ ಮನೆಯವರಿಗೆ ಒಳಗೆ ಎಷ್ಟು ಮಕ್ಕಳಿದ್ದಾರೆಂದೂ ತಿಳಿದಿರುವುದಿಲ್ಲ. ಮಕ್ಕಳು ಕ್ರಿಕೆಟ್ ಚೆಂಡು ಅಂಗಳಕ್ಕೆ ಹೊಡೆದ ದಿನ ಮಾತ್ರ ಪರಿಚಯ, ಅದೂ ಜಗಳದ್ದು.

ಮಕ್ಕಳನ್ನು ಹೊರಗೆ ಕಳಿಸಲು ಈಗ ನಿಯಮಗಳು ಬಿಗಿ. ಅದು ಸರಿಯೇ, ಮಕ್ಕಳ ರಕ್ಷಣೆಯ ವಿಷಯದಲ್ಲಿ ಯಾರನ್ನೂ ನಂಬುವ ಕಾಲವಲ್ಲ. ಹೊರಗೆ ಕಳಿಸದಿದ್ದರೆ, ಸ್ಕ್ಯಾಟರ್‌ಗುಡ್ ಶಾಲೆಯ ಬಾಗಿಲು ಹೊರಗಿನವರಿಗೆ ತೆರೆದ ಹಾಗೆ, ಅನುಮತಿ ಪಡೆದು ನಾವೇ ಒಳಗೆ ಹೋಗಬಹುದಲ್ಲ? ಹೂವಿನಕೋಲು ಗೊತ್ತಿರುವ ಭಾಗವತರು ಒಂದು ಸಂಜೆ ಹೋಗಿ ಹಾಡಿ ಬರಲಿ. ಗದ್ದೆ ಇರುವವರು ಒಂದು ಹೊರೆ ಕದಿರು ಕೊಟ್ಟು ಕದಿರು ಕಟ್ಟುವುದು ಹೇಗೆಂದು ಆ ದೂರದ ಮಕ್ಕಳಿಗೆ ತೋರಿಸಲಿ. ಕೊಯ್ಲಿನ ದಿನ ಮೇಷ್ಟ್ರ ಜೊತೆ ಇಡೀ ತರಗತಿಯನ್ನು ಗದ್ದೆಗೆ ಕರೆಯೋಣ, ಕತ್ತಿ ಹಿಡಿಯುವುದು ಬೇಡ, ಹೊರೆ ಕಟ್ಟಿದರೆ ಸಾಕು. ಹೊಸ್ತಿನ ಪಾಯಸಕ್ಕೆ ಬೇಕಾದ ಅಕ್ಕಿ, ಬೆಲ್ಲ, ಕಾಯಿ ಊರಿನವರೇ ಒಟ್ಟು ಮಾಡಿ ಹಾಸ್ಟೆಲ್ಲಿನ ಅಡುಗೆಮನೆಗೇ ಮುಟ್ಟಿಸಬಹುದು. ಹಾಸ್ಟೆಲ್ ನವೋದಯದ್ದೋ ಮೊರಾರ್ಜಿಯದ್ದೋ ಬಿಸಿಎಂನದ್ದೋ ಎಂದು ನೋಡಬೇಕಾಗಿಲ್ಲ, ಹತ್ತಿರದ್ದು ಯಾವುದೋ ಅದು.

ಓದುಗರಲ್ಲಿ ನನ್ನದು ಇಷ್ಟೇ ವಿನಂತಿ. ನಿಮ್ಮ ಊರಿನಲ್ಲಿ, ಇಲ್ಲವಾದರೆ ಪಕ್ಕದ ಊರಿನಲ್ಲಿ, ಒಂದು ಹಾಸ್ಟೆಲ್ ಇದ್ದೇ ಇರುತ್ತದೆ. ಮುಂದಿನ ನವರಾತ್ರಿಗೆ ಮೊದಲು ಒಮ್ಮೆ ಅಲ್ಲಿಗೆ ಹೋಗಿ ವಾರ್ಡನ್ನರನ್ನು ಕಂಡು, ಒಳಗೆ ಎಷ್ಟು ಮಕ್ಕಳಿದ್ದಾರೆ, ಹಬ್ಬಕ್ಕೆ ಮನೆಗೆ ಹೋಗದೆ ಉಳಿಯುವವರು ಎಷ್ಟು ಎಂದು ಕೇಳಿ ಬನ್ನಿ. ಉಳಿದದ್ದನ್ನು ಆಮೇಲೆ ಮಾತಾಡೋಣ.